ಥರ್ಮೋಕೋಲ್ ಬೇಡ, ಅರಿಸಿನ ತನ್ನಿ: ನಮ್ಮ ಶಾಲೆಯ ವಿಜ್ಞಾನ ವಸ್ತುಪ್ರದರ್ಶನ

ನಮ್ಮ ಹಳ್ಳಿ ಹೈಸ್ಕೂಲಿನಲ್ಲಿ ಪ್ರತಿ ವರ್ಷ ಫೆಬ್ರವರಿ 28ಕ್ಕೆ ವಸ್ತುಪ್ರದರ್ಶನ ಇಡುತ್ತೇವೆ. 1928ರಲ್ಲಿ ಸಿ.ವಿ. ರಾಮನ್ ತಮ್ಮ ಹೆಸರಿನ ಪರಿಣಾಮವನ್ನು ಕಂಡುಕೊಂಡ ದಿನ ಅದು. ತಯಾರಿಯನ್ನು ಸಂಕ್ರಾಂತಿ ಮುಗಿದ ಕೂಡಲೇ ಶುರು ಮಾಡಿ. ಹತ್ತನೇ ತರಗತಿಯವರಿಗೆ ಪರೀಕ್ಷೆ ಹತ್ತಿರ ಇರುತ್ತೆ, ಅವರನ್ನು ಬಿಟ್ಟುಬಿಡಿ. ಎಂಟು, ಒಂಬತ್ತನೆಯವರು ಸಾಕು.

ಒಂದು ವರ್ಷ ನಮ್ಮಲ್ಲಿ ಐದು ಜ್ವಾಲಾಮುಖಿ ಬಂದಿದ್ದವು. ಎಲ್ಲವೂ ಥರ್ಮೋಕೋಲ್, ಎಲ್ಲಕ್ಕೂ ಕೆಂಪು ಬಣ್ಣ. ಯಾರಾದರೂ ಪ್ರಶ್ನೆ ಕೇಳಿದರೆ ಮಕ್ಕಳು ತಿರುಗಿ ಚಾರ್ಟ್ ಓದುತ್ತಿದ್ದರು. ನನಗೆ ತುಂಬಾ ಬೇಜಾರಾಯಿತು. ಮುಂದಿನ ವರ್ಷದಿಂದ ಮಾಡೆಲ್ ಹೆಸರು ಕೇಳುವುದನ್ನೇ ಬಿಟ್ಟೆ. "ಮನೆಯಲ್ಲಿ ನೋಡಿ, ಇದು ಯಾಕೆ ಹೀಗೆ ಅನ್ನಿಸಿದ್ದನ್ನು ಬರ್ಕೊಂಡು ಬನ್ನಿ" ಅಂತೇನೆ.

ಒಂಬತ್ತನೆಯ ಹುಡುಗಿಯೊಬ್ಬಳು ಬರೆದಿದ್ದಳು: ಬಟ್ಟೆಗೆ ಬಿದ್ದ ಅರಿಸಿನದ ಕಲೆ ಸೋಪು ಹಚ್ಚಿದರೆ ಯಾಕೆ ಕೆಂಪಾಗುತ್ತೆ? ಅದೇ ಅವಳ ಟೇಬಲ್ ಆಯಿತು. ಬಿಳಿ ಕಾಗದಕ್ಕೆ ಅರಿಸಿನದ ನೀರು ಬಳಿದು ಒಣಗಿಸಿ ಪಟ್ಟಿ ಕತ್ತರಿಸಿದಳು. ಲೋಟಗಳಲ್ಲಿ ಸೋಪಿನ ನೀರು, ಸುಣ್ಣದ ತಿಳಿ, ಮಜ್ಜಿಗೆ, ನಿಂಬೆರಸ ಇಟ್ಟಳು. ಬಂದವರೇ ಪಟ್ಟಿ ಅದ್ದಿ ನೋಡಬೇಕು. ಸೋಪು, ಸುಣ್ಣದಂಥ ಪ್ರತ್ಯಾಮ್ಲಕ್ಕೆ ಕೆಂಪಾಗುತ್ತೆ, ಮಜ್ಜಿಗೆ, ನಿಂಬೆಯಂಥ ಆಮ್ಲಕ್ಕೆ ಹಳದಿ ಹಳದಿಯಾಗೇ ಉಳಿಯುತ್ತೆ.

ನಿಂಬೆಹಣ್ಣಿನ ಬ್ಯಾಟರಿ ಇಡುವುದಾದರೆ ಒಂದು ಹಣ್ಣು ಸಾಲದು. ತಾಮ್ರದ ತಂತಿ, ಸತು ಲೇಪಿಸಿದ ಮೊಳೆ ಚುಚ್ಚಿದರೆ ಒಂದು ಹಣ್ಣಿಗೆ ಒಂದು ವೋಲ್ಟ್ ಕೂಡ ಬರುವುದಿಲ್ಲ. ಕೆಂಪು ಎಲ್‌ಇಡಿಗೆ ಸುಮಾರು ಎರಡು ಬೇಕು. ನಾಲ್ಕು ಹಣ್ಣು ತನ್ನಿ, ಒಂದರ ತಾಮ್ರವನ್ನು ಇನ್ನೊಂದರ ಮೊಳೆಗೆ ಸೇರಿಸುತ್ತಾ ಹೋಗಿ. ಎಲ್‌ಇಡಿಯ ಉದ್ದ ಕಾಲು ತಾಮ್ರದ ಕಡೆಗೆ ಇರಲಿ. ಬೆಳಕು ಮಂಕಾಗಿರುತ್ತೆ, ಆ ಟೇಬಲ್ಲನ್ನು ಕತ್ತಲೆ ಮೂಲೆಗೆ ಹಾಕಿ. ಮಿಣುಕ್ ಅಂದಾಗ ಚಿಕ್ಕ ಮಕ್ಕಳ ಮುಖ ನೋಡಬೇಕು!

ಒಂದು ಟೇಬಲ್ಲಿಗೆ ಇಬ್ಬರು ಸಾಕು. ಗಂಟೆಗೊಮ್ಮೆ ಒಬ್ಬರನ್ನು ಬಿಡಿ, ಉಳಿದ ಟೇಬಲ್ ಅವರೂ ನೋಡಬೇಕಲ್ವಾ. ಆಸಿಡ್ ಬಾಟಲಿಗಳು ಬೀರುವಿನಲ್ಲೇ ಬೀಗ ಹಾಕಿರಲಿ. ಬಾಗಿಲ ಹತ್ತಿರ ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು ಇಡಿ.

ಎರಡು ದಿನ ಮೊದಲು ತಾಲೀಮು ಮಾಡಿಸಿ. ಇದನ್ನು ಮಾತ್ರ ತಪ್ಪಿಸಬೇಡಿ. ಚಾರ್ಟ್ ಮುಚ್ಚಿ, ಐದನೇ ತರಗತಿಯ ಮಗುವನ್ನು ಎದುರು ನಿಲ್ಲಿಸಿ ವಿವರಿಸಲು ಹೇಳಿ. ಆ ಮಗುವಿಗೆ ಅರ್ಥವಾಗದ ಪದಗಳನ್ನೆಲ್ಲ ತೆಗೆಯಿರಿ.

ಬೆಳಿಗ್ಗೆ ಪಕ್ಕದ ಪ್ರೈಮರಿ ಮಕ್ಕಳು ಬರಲಿ. ಮನೆಯವರನ್ನು ಮೂರು ಗಂಟೆ ಮೇಲೆ ಕರೆಯಿರಿ, ಹೊಲದ ಕೆಲಸ ಮುಗಿಸಿ ಬರುತ್ತಾರೆ. ಹಾಗೆ ಬಂದ ಅಜ್ಜಿಯೊಬ್ಬರು ಅರಿಸಿನಕ್ಕೆ ಸುಣ್ಣ ಬಿದ್ದದ್ದು ನೋಡಿ, "ಇದು ನಮ್ಮ ಆರತಿ ನೀರು ಅಲ್ವೇನವ್ವಾ?" ಅಂದರು. "ಹೌದಜ್ಜಿ. ಈಗ ಇದಕ್ಕೆ ನೀವೇ ನಿಂಬೆಹಣ್ಣು ಹಿಂಡಿ ನೋಡಿ" ಅಂತ ಹುಡುಗಿ ಹೋಳನ್ನು ಅವರ ಕೈಗೆ ಕೊಟ್ಟಳು.