ರೀಚಾರ್ಜಿನ ಜೊತೆ ಐದು ರೂಪಾಯಿ

ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸಾರಡ್ಕದ ಕಡೆ ಹೋಗುವ ರಸ್ತೆಯಲ್ಲಿ ನನ್ನದೊಂದು ಸಣ್ಣ ಮೊಬೈಲ್ ಅಂಗಡಿ. ರೀಚಾರ್ಜ್, ಸಿಮ್, ಕವರ್, ಚಾರ್ಜರ್. ಮಳೆಗಾಲದಲ್ಲಿ ತೋಡಿಗೆ ಬಿದ್ದ ಫೋನುಗಳ ರಿಪೇರಿಯೇ ಜಾಸ್ತಿ. ನಮ್ಮದು ಗಡಿ. ಅಂಗಳದಲ್ಲಿ ಕೇರಳದ ಟವರ್ ಹಿಡಿಯುವ ಫೋನು ತೋಟಕ್ಕೆ ಇಳಿದರೆ ಕರ್ನಾಟಕದ್ದನ್ನು ಹಿಡಿಯುತ್ತದೆ. ಹಗಲಿಗೆ ಇದು ತಮಾಷೆ. ರಾತ್ರಿ ಎರಡು ಗಂಟೆಗೆ ಯಾರಿಗಾದರೂ ಎದೆನೋವು ಬಂದರೆ ತಮಾಷೆ ಅಲ್ಲ.

ನೆರೆಮನೆಯ ಅಜ್ಜನಿಗೆ ಹಾಗೆಯೇ ಆಯಿತು. ಮಗ ತುರ್ತು ನಂಬರ್ ಒತ್ತಿದ. ಕರೆ ಆಚೆ ರಾಜ್ಯಕ್ಕೆ ಹೋಯಿತು. ಅವರು ಚೆಂದದ ಕನ್ನಡದಲ್ಲಿ ಜಿಲ್ಲೆ ಯಾವುದು ಎಂದು ಕೇಳಿದರು. ಕಾಸರಗೋಡು ಎಂದ ಮೇಲೆ ಅವರಾದರೂ ಏನು ಮಾಡಿಯಾರು? ಕೊನೆಗೆ ಒಬ್ಬ ಜೀಪಿನವನನ್ನು ಬಾಗಿಲು ಬಡಿದು ಎಬ್ಬಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಅಜ್ಜ ಉಳಿದರು. ಆದರೆ ನನಗೆ ಆ ಮುಕ್ಕಾಲು ಗಂಟೆ ತಲೆಯಲ್ಲಿ ಕೂತುಬಿಟ್ಟಿತು.

ವಾಹನ ಇಲ್ಲದೆ ಅಲ್ಲ. ಪೆರ್ಲದಲ್ಲಿ, ಬದಿಯಡ್ಕದಲ್ಲಿ ಆಂಬ್ಯುಲೆನ್ಸ್ ಇದೆ. ಊರಲ್ಲಿ ಜೀಪು ಬೇಕಾದಷ್ಟಿದೆ. ಯಾವ ಚಾಲಕ ಇವತ್ತು ಊರಲ್ಲಿದ್ದಾನೆ, ಯಾರ ಗಾಡಿ ಗ್ಯಾರೇಜಿನಲ್ಲಿದೆ ಎಂದು ಗೊತ್ತಿರುವ ಒಬ್ಬ ರಾತ್ರಿಯಿಡೀ ಫೋನಿನ ಹತ್ತಿರ ಇರಬೇಕು, ಅಷ್ಟೆ. ಗಾಡಿ ಕೊಡಿಸಿ ಎಂದರೆ ದುಡ್ಡು ಕೊಡುವವರು ಸಿಗುತ್ತಾರೆ. ಅದರ ಮೇಲೆ ಹೆಸರು ಬರೆಸಬಹುದಲ್ಲ. ನಿದ್ದೆ ಬಿಡುವವನ ಸಂಬಳಕ್ಕೆ ಯಾರ ಹೆಸರು ಬರೆಸುವುದು?

ದಾರಿ ತೋರಿಸಿದ್ದು ಷಿಕಾಗೋದಲ್ಲಿರುವ ಅಕ್ಕನ ಮಗ. ಊರಿಗೆ ಬಂದಿದ್ದಾಗ ಅಂಗಡಿಯಲ್ಲಿ ಕೂತು, "ಮಾವ, ಇದು ನೋಡಿ" ಎಂದು ತನ್ನ ಫೋನ್ ಬಿಲ್ ತೆರೆದ. ಅದರಲ್ಲಿ ಅಲ್ಲಿನ ತುರ್ತು ನಂಬರ್ 911ಕ್ಕೆ ಎಂದೇ ಒಂದು ಪ್ರತ್ಯೇಕ ಸಾಲು. ಅಮೆರಿಕದಲ್ಲಿ 911ಕ್ಕೆ ಮೊದಲ ಕರೆ ಹೋದದ್ದು 1968ರ ಫೆಬ್ರವರಿ 16ರಂದು, ಅಲಬಾಮಾದ ಹೇಲಿವಿಲ್ ಎಂಬ ಸಣ್ಣ ಊರಿನಿಂದ. ಕರೆ ಎತ್ತುವ ಕೇಂದ್ರಗಳ ಖರ್ಚಿಗೆ ಅಲ್ಲಿ ಫೋನ್ ಲೈನಿಗೆ ಇಷ್ಟು ಎಂದು ಶುಲ್ಕ ಹಾಕುತ್ತಾರೆ. ಒಂದೊಂದು ರಾಜ್ಯದಲ್ಲಿ ಒಂದೊಂದು ದರ. ಷಿಕಾಗೋದಲ್ಲಿ 2018ರಲ್ಲಿ ಅದನ್ನು ಲೈನಿಗೆ ತಿಂಗಳಿಗೆ 5 ಡಾಲರ್ ಮಾಡಿದ್ದರು. ನಮ್ಮಲ್ಲಿ ಫೋನಿನ ಮೇಲೆ ಶೇ. 18 ಜಿಎಸ್‌ಟಿ ಇದೆ, ತುರ್ತು ಕರೆಗೆ ಎಂದು ಬೇರೆ ಸಾಲು ಇಲ್ಲ. ನಮ್ಮ ತುರ್ತು ನಂಬರ್ 112 ಶುರುವಾದದ್ದು ಮಹಿಳೆಯರ ಸುರಕ್ಷತೆಗೆಂದು ಕೇಂದ್ರ ಸರ್ಕಾರ ಇಟ್ಟ ನಿರ್ಭಯಾ ನಿಧಿಯ ಹಣದಲ್ಲಿ.

ಶುಲ್ಕ ಹಾಕಲು ನಾನೇನು ಸರ್ಕಾರ ಅಲ್ಲ. ಆದರೆ ರೀಚಾರ್ಜ್ ಮಾಡುವವನು ನಾನೇ ಅಲ್ವಾ? ನಾಲ್ಕು ಅಂಗಡಿಯವರು ಮಾತಾಡಿಕೊಂಡು ಗಲ್ಲಾಪೆಟ್ಟಿಗೆಯ ಪಕ್ಕ ಒಂದೊಂದು ಡಬ್ಬಿ ಇಟ್ಟೆವು. ರೀಚಾರ್ಜಿಗೆ ಐದು ರೂಪಾಯಿ, ಇಷ್ಟ ಇದ್ದವರು ಹಾಕಲಿ. ಮೊದಲ ತಿಂಗಳು 2,315 ರೂಪಾಯಿ ಬಂತು, ಜೊತೆಗೆ ಒಂದು ಹಳೇ ಬಸ್ ಟಿಕೆಟು. ನಮ್ಮೂರಿನದೇ ಒಂದು ತುರ್ತು ನಂಬರಿನ ಹತ್ತಿರ ರಾತ್ರಿ ಕೂರುವ ಹುಡುಗನಿಗೆ ದಿನಕ್ಕೆ 150ರಂತೆ 4,500 ಬೇಕಿತ್ತು. ಕಡಿಮೆ ಬಿದ್ದದ್ದನ್ನು ನಾವು ನಾಲ್ವರು ಹಂಚಿಕೊಂಡೆವು.

ಆಮೇಲೆ ಡಬ್ಬಿ ಹಗುರ ಆಗತೊಡಗಿತು. ಜನ ಕೊಡುವುದು ನಿಲ್ಲಿಸಿದರು ಎಂದು ಸುಮ್ನೆ ಬೇಸರ ಮಾಡಿಕೊಂಡೆ. ನಿಜ ಬೇರೆಯೇ ಇತ್ತು. 28 ದಿನದ ಪ್ಯಾಕ್ ಹಾಕುವವನು ವರ್ಷಕ್ಕೆ 13 ಸಲ ಬರುತ್ತಾನೆ, 84 ದಿನದ್ದಾದರೆ ನಾಲ್ಕೈದು ಸಲ. ಇಬ್ಬರಿಗೂ ಸಲಕ್ಕೆ ಐದು ಎಂದರೆ ಲೆಕ್ಕ ಹೇಗೆ ಕೂಡುತ್ತದೆ? ಇನ್ನು ಕಾಲೇಜು ಹುಡುಗರು ಆ್ಯಪಿನಲ್ಲೇ ರೀಚಾರ್ಜ್ ಮುಗಿಸಿಬಿಡುತ್ತಾರೆ, ಅಂಗಡಿ ಮೆಟ್ಟಿಲು ಹತ್ತುವುದೇ ಇಲ್ಲ. ಅಳಿಯನಿಗೆ ಹೇಳಿದರೆ ನಕ್ಕ. ಬಿಲ್ಲೇ ಇಲ್ಲದ ಪ್ರೀಪೇಯ್ಡ್ ಫೋನು ಬಂದಾಗ ಅಲ್ಲಿಯೂ ಇದೇ ಕಥೆಯಂತೆ. ಹಲವು ರಾಜ್ಯಗಳು ಕೊನೆಗೆ ಅಂಗಡಿಯ ಕೌಂಟರಿನಲ್ಲೇ ಶುಲ್ಕ ವಸೂಲಿಗೆ ಕಾನೂನು ಮಾಡಿದವು. ಅವರು ಕೌಂಟರಿಗೆ ಬಂದರು, ನಾನು ಕೌಂಟರ್ ಬಿಡಬೇಕಾಯಿತು.

ರೀಚಾರ್ಜಿನ ಲೆಕ್ಕ ಬಿಟ್ಟು ನಂಬರಿನ ಲೆಕ್ಕ ಹಿಡಿದೆವು. ಒಂದು ಸಿಮ್ಮಿಗೆ ತಿಂಗಳಿಗೆ 10 ರೂಪಾಯಿ. ವಸೂಲಿಗೆ ಕುಟುಂಬಶ್ರೀಯ, ಅಂದರೆ ಕೇರಳದ ಮಹಿಳಾ ಸ್ವಸಹಾಯ ಸಂಘದ, ಅಕ್ಕಂದಿರು ಒಪ್ಪಿದರು. ವಾರಕ್ಕೊಮ್ಮೆ ಅವರ ನೆರೆಕರೆ ಕೂಟ ಹೇಗೂ ಸೇರುತ್ತದೆ, ಉಳಿತಾಯದ ಪುಸ್ತಕ ಹೇಗೂ ತೆರೆದಿರುತ್ತದೆ. ನಾವು ಆರು ತಿಂಗಳಲ್ಲಿ ಮಾಡದ್ದನ್ನು ಅವರು ಒಂದೂವರೆ ತಿಂಗಳಲ್ಲಿ ಮಾಡಿದರು. 470 ನಂಬರ್, 4,700 ರೂಪಾಯಿ. ಕೊಡದ ಮನೆಯವರ ಕರೆಯನ್ನೂ ಎತ್ತುತ್ತೇವೆ. ಇದರ ಮೇಲೆ ಒಂದು ದೊಡ್ಡ ಜಗಳವೇ ಆಯಿತು. ಸಿಮ್ ಚಾಲ್ತಿಯಲ್ಲಿಲ್ಲದ ಫೋನಿನಿಂದಲೂ ಅಮೆರಿಕದಲ್ಲಿ 911ಕ್ಕೆ ಕರೆ ಹೋಗುತ್ತದೆ ಎಂದು ಹೇಳಿ ಗೆದ್ದೆ. ಅಮೆರಿಕ ಎಂದರೆ ನಮ್ಮವರು ಬೇಗ ಒಪ್ಪುತ್ತಾರೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಎರಡನೇ ವರ್ಷ ಖಾತೆಯಲ್ಲಿ ಸ್ವಲ್ಪ ಹಣ ಉಳಿಯಿತು. ಊರಿನ ಹುಡುಗರಿಗೆ ಕಬಡ್ಡಿ ಪಂದ್ಯ ಇತ್ತು. "ಅಣ್ಣ, ಎಂಟು ಸಾವಿರ ಕೊಡಿ, ಪಂದ್ಯ ಮುಗಿದ ಕೂಡಲೇ ವಾಪಸ್" ಎಂದರು. ಸುಮ್ಮನೆ ಬಿದ್ದಿರುವ ದುಡ್ಡು ಎಂದು ನಾನೇ ಸಹಿ ಹಾಕಿದೆ. ಹಣ ಬಂದದ್ದು ನಾಲ್ಕು ತಿಂಗಳ ಮೇಲೆ. ನಡುವೆ ಎರಡು ತಿಂಗಳ ಸಂಬಳ ನಿಂತಿತು, ರಾತ್ರಿಯ ಹುಡುಗ ಮಂಗಳೂರಿಗೆ ಕೆಲಸಕ್ಕೆ ಹೋದ. ಜುಲೈ ತಿಂಗಳು, ಜೋರು ಮಳೆ, ಹನ್ನೊಂದು ರಾತ್ರಿ ನಮ್ಮ ತುರ್ತು ನಂಬರಿಗೆ ಉತ್ತರ ಇರಲಿಲ್ಲ. ದೇವರ ದಯೆ, ದೊಡ್ಡದೇನೂ ಆಗಲಿಲ್ಲ.

ಇದು ನಮ್ಮೂರಿನ ರೋಗ ಮಾತ್ರ ಅಲ್ಲ. ಅಮೆರಿಕದಲ್ಲಿ 2008ರ ಕಾನೂನಿನ ಪ್ರಕಾರ, ಯಾವ ರಾಜ್ಯ 911ರ ಹಣವನ್ನು ಬೇರೆ ಖರ್ಚಿಗೆ ತಿರುಗಿಸಿತು ಎಂದು ಅಲ್ಲಿನ ಸಂಪರ್ಕ ಆಯೋಗ ವರ್ಷ ವರ್ಷ ಸಂಸತ್ತಿಗೆ ವರದಿ ಕೊಡಬೇಕು. ನ್ಯೂಜೆರ್ಸಿ, ನ್ಯೂಯಾರ್ಕ್ ಹೆಸರು ಅದರಲ್ಲಿ ಹಲವು ವರ್ಷ ಬಂದಿದೆ. ನಾವೂ ವರದಿ ಶುರು ಮಾಡಿದೆವು. ಬೇರೆ ಖಾತೆ, ಮೂರು ಸಹಿ, ಅದರಲ್ಲಿ ಎರಡು ಕುಟುಂಬಶ್ರೀಯವರದ್ದು. ಪ್ರತಿ ತಿಂಗಳ ಲೆಕ್ಕದ ಹಾಳೆ ನನ್ನ ಅಂಗಡಿಯ ಗೋಡೆಗೆ ಅಂಟುತ್ತದೆ. ದೇವಸ್ಥಾನದ ಬ್ರಹ್ಮಕಲಶಕ್ಕೆ ಸಾಲ ಕೇಳಲು ಬಂದವರು ಆ ಹಾಳೆ ಓದಿ, ಒಂದು ಚಾರ್ಜರ್ ಕೊಂಡು ಹೋದರು.

ಮಿಕ್ಕ ಹಣದಿಂದ ಮಾಡಿದ ಒಳ್ಳೆಯ ಕೆಲಸ ಒಂದಿದೆ, ದಾರಿ ಪುಸ್ತಕ. ನಮ್ಮಲ್ಲಿ ಮನೆಗೆ ಹೆಸರು ಇರುತ್ತದೆ, ಒಂದೇ ಹೆಸರಿನ ಮನೆ ಮೂರು ಇರುತ್ತವೆ. ಹಾಗಾಗಿ ಪ್ರತಿ ನಂಬರಿನ ಎದುರು ದಾರಿ ಬರೆಸಿದೆವು. ಭಜನಾ ಮಂದಿರದ ಎಡಕ್ಕೆ ಇಳಿಜಾರು, ಅಲ್ಲಿಂದ ತೋಡು ದಾಟುವ ಸಂಕ, ಜೀಪು ಸಂಕದವರೆಗೆ ಮಾತ್ರ. ಮಳೆಗಾಲದಲ್ಲಿ ಅಡಿಕೆ ಮರದ ಸಂಕ ಕೊಚ್ಚಿ ಹೋಗುವ ಮನೆಗಳಿಗೆ ಕೆಂಪು ಶಾಯಿ. ಆ ಮನೆಗಳಿಂದ ಕರೆ ಬಂದರೆ ಗಾಡಿಗೆ ಹೇಳುವ ಮೊದಲು ಹೊತ್ತು ತರಲು ನಾಲ್ಕು ಜನಕ್ಕೆ ಹೇಳಬೇಕು.

ಮೊನ್ನೆ ಪಕ್ಕದ ಊರಿನ ಇಬ್ಬರು ಬಂದು ಡಬ್ಬಿ ಎಷ್ಟು ದೊಡ್ಡದು ಮಾಡಿಸಬೇಕು ಎಂದು ಕೇಳಿದರು. ಡಬ್ಬಿ ಬೇಡ ಮಾರಾಯ್ರೇ, ಮೊದಲು ಎರಡು ಪುಸ್ತಕ ತನ್ನಿ, ಒಂದು ಲೆಕ್ಕಕ್ಕೆ, ಒಂದು ದಾರಿಗೆ ಎಂದೆ. ನಮ್ಮ ಹಳೇ ಡಬ್ಬಿಯಲ್ಲಿ ಈಗ ಸಿಮ್ ತೆಗೆಯುವ ಪಿನ್ನುಗಳಿವೆ.