ಅಮೆರಿಕದಲ್ಲಿರೋ ಮಕ್ಕಳಿಗೆ ಎಷ್ಟೊತ್ತಿಗೆ ಫೋನ್ ಮಾಡೋದು: ಪೆಸಿಫಿಕ್ ಟೈಮ್ ಲೆಕ್ಕ, ಮಾರ್ಚ್-ನವೆಂಬರ್ ಗೊಂದಲ ಸಮೇತ

ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆ ಈಗ ಯಾರ ಮನೆಗೆ ಹೋದ್ರೂ ಮಗನೋ ಮಗಳೋ ಅಳಿಯನೋ ಅಮೆರಿಕದಲ್ಲಿ ಇದಾರೆ ಅನ್ನೋ ಸುದ್ದಿ ಒಂದು ಇದ್ದೇ ಇರತ್ತೆ. ಕ್ಯಾಲಿಫೋರ್ನಿಯಾ, ಸೀಟಲ್ ಕಡೆ ಇರೋರದ್ದು ಪೆಸಿಫಿಕ್ ಟೈಮ್. ನಮಗೂ ಅವ್ರಿಗೂ ಎಷ್ಟು ವ್ಯತ್ಯಾಸ ಅಂತ ಕೇಳಿದ್ರೆ ಒಬ್ರು ಹನ್ನೆರಡೂವರೆ ಗಂಟೆ ಅಂತಾರೆ, ಇನ್ನೊಬ್ರು ಹದಿಮೂರೂವರೆ ಅಂತಾರೆ, ಇಬ್ರೂ ಹೇಳೋದು ಸರಿನೇ ಮಾರಾಯ್ರೆ, ಯಾವ ತಿಂಗಳು ಅನ್ನೋದಷ್ಟೇ ಪ್ರಶ್ನೆ.

ಲೆಕ್ಕ ಬಾಯಲ್ಲೇ ಮಾಡ್ಬೋದು. ಮಾರ್ಚ್ ಮಧ್ಯದಿಂದ ನವೆಂಬರ್ ಶುರುವಿನ ತನಕ ನಮ್ಮ ಗಡಿಯಾರದಲ್ಲಿ ಅರ್ಧ ಗಂಟೆ ಕಳೀರಿ, ಹಗಲಿದ್ರೆ ರಾತ್ರಿ ಮಾಡಿ, ರಾತ್ರಿ ಇದ್ರೆ ಹಗಲು ಮಾಡಿ, ಮುಗೀತು. ನಮ್ಮಲ್ಲಿ ಶನಿವಾರ ರಾತ್ರಿ 8 ಆದ್ರೆ ಅಲ್ಲಿ ಶನಿವಾರ ಬೆಳಗ್ಗೆ 7:30. ಚಳಿಗಾಲದಲ್ಲಿ ಅರ್ಧ ಗಂಟೆ ಬದ್ಲು ಒಂದೂವರೆ ಗಂಟೆ ಕಳೀರಿ, ಅದೇ ರಾತ್ರಿ 8 ಅಲ್ಲಿ ಬೆಳಗ್ಗೆ 6:30 ಆಗತ್ತೆ. ವಾರ ಯಾವ್ದು ಅಂತ ತಲೆ ಕೆಡಿಸ್ಕೋಬೇಡಿ, ನಮ್ಮ ಮಧ್ಯಾಹ್ನದ ಊಟದ ಹೊತ್ತಿನ ತನಕ ಅವ್ರಿಗಿನ್ನೂ ನಿನ್ನೆ, ಊಟ ಆದ್ಮೇಲೆ ಇಬ್ರಿಗೂ ಒಂದೇ ತಾರೀಖು.

ಹಿರಿಯರು ಒಂದು ವಿಷಯ ಗಮನಿಸ್ಬೇಕು. ಊಟ ಮುಗಿಸಿ ಸ್ವಲ್ಪ ಪುರುಸೊತ್ತಾಯ್ತು, ಮಗನಿಗೊಂದು ಫೋನ್ ಹಾಕಣ ಅಂತ ಅನ್ಸೋ 2:30ರ ಹೊತ್ತಿದ್ಯಲ್ಲ, ಅಲ್ಲಿ ಆಗ ರಾತ್ರಿ 2 ಗಂಟೆ, ಚಳಿಗಾಲದಲ್ಲಾದ್ರೆ 1 ಗಂಟೆ. ಆ ಹೊತ್ತಲ್ಲಿ ಊರಿಂದ ಫೋನ್ ಬಂದ್ರೆ ಅವ್ರಿಗೆ ಎದೆ ಧಸಕ್ ಅನ್ನತ್ತೆ, ಯಾರಿಗೆ ಎಂತಾಯ್ತೋ ಅಂತ. ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಹಾಕಿ ಬಿಡಿ, ಎದ್ದಾಗ ಕೇಳ್ತಾರೆ.

ಈಗ ಬದಲಾಗೋ ದಿನದ ವಿಷಯ. ಮಾರ್ಚ್ ಎರಡನೇ ಭಾನುವಾರ ಅವ್ರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗತ್ತೆ, ನವೆಂಬರ್ ಮೊದಲನೇ ಭಾನುವಾರ ಒಂದು ಗಂಟೆ ಹಿಂದಕ್ಕೆ ಬರತ್ತೆ. 2026ರಲ್ಲಿ ಅದು ಮಾರ್ಚ್ 8 ಮತ್ತು ನವೆಂಬರ್ 1, 2027ರಲ್ಲಿ ಮಾರ್ಚ್ 14 ಮತ್ತು ನವೆಂಬರ್ 7. ಈ ನಿಯಮ 2005ರ ಕಾನೂನಿಂದ ಬಂದು 2007ರಿಂದ ಜಾರಿಲಿದೆ, ಅದಕ್ಕಿಂತ ಮುಂಚೆ ಏಪ್ರಿಲ್-ಅಕ್ಟೋಬರ್ ಅಂತ ಇತ್ತು, ಹಂಗಾಗಿ ಹಳೇ ಡೈರಿಲಿ ಬರ್ಕೊಂಡಿದ್ದನ್ನ ನಂಬ್ಬೇಡಿ. ಎರಡೂ ಸಲ ಅಲ್ಲಿ ರಾತ್ರಿ 2 ಗಂಟೆಗೆ ಬದಲಾಗೋದು, ನಮ್ಮ ಲೆಕ್ಕದಲ್ಲಿ ಮಾರ್ಚ್‌ನಲ್ಲಿ ಭಾನುವಾರ ಮಧ್ಯಾಹ್ನ 3:30, ನವೆಂಬರ್‌ನಲ್ಲಿ ಮಧ್ಯಾಹ್ನ 2:30. ಹಾಲ್‌ನಲ್ಲಿ ಅಮೆರಿಕ ಟೈಮ್‌ಗೆ ಅಂತ್ಲೇ ಇನ್ನೊಂದು ಗೋಡೆ ಗಡಿಯಾರ ಹಾಕ್ಕೊಂಡಿರೋರು ಆವತ್ತು ಸಂಜೆ ಕಾಫಿಗೆ ಮುಂಚೆ ಮುಳ್ಳು ತಿರುಗಿಸಿ ಬಿಟ್ರೆ ಮುಂದಿನ ಬದಲಾವಣೆ ತನಕ ಚಿಂತೆ ಇಲ್ಲ. ನಮ್ಮ ಗಡಿಯಾರ ಮಾತ್ರ ಮುಟ್ಟೋದೇ ಬೇಡ.

ಈ ಕಿರಿಕಿರಿ ಅವ್ರಿಗೆ ಎಂತಕ್ಕೆ ಬೇಕಿತ್ತು ಅಂತ ನಮ್ಮ ಕಡೆಯವ್ರಿಗೆ ಅನ್ಸೋದು ಸಹಜ. ಶಿವಮೊಗ್ಗದಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ವ್ಯತ್ಯಾಸ ಹೆಚ್ಚುಕಮ್ಮಿ ಒಂದೂವರೆ ಗಂಟೆ. ಸೀಟಲ್‌ನಲ್ಲಿ ಜೂನ್ ಹಗಲು ಸುಮಾರು 16 ಗಂಟೆ, ಡಿಸೆಂಬರ್‌ನಲ್ಲಿ ಎಂಟೂವರೆ ಗಂಟೆ ಅಷ್ಟೇ. ಬೇಸಿಗೇಲಿ ಜನ ಏಳೋಕ್ಕೆ ಮುಂಚೆನೇ ಬೆಳಕು ಬಂದು ವೇಸ್ಟ್ ಆಗೋ ಬದ್ಲು ಗಡಿಯಾರ ಮುಂದಿಟ್ಟು ಆ ಒಂದು ಗಂಟೆನ ಸಂಜೆಗೆ ತಳ್ತಾರೆ. 1895ರಲ್ಲಿ ಇಂಥದ್ದೊಂದು ಐಡಿಯಾ ಕೊಟ್ಟಿದ್ದು ನ್ಯೂಜಿಲೆಂಡ್‌ನ ಜಾರ್ಜ್ ಹಡ್ಸನ್, ಕೆಲಸ ಮುಗಿದ್ಮೇಲೆ ಹುಳ ಹಿಡಿಯೋಕೆ ಬೆಳಕು ಬೇಕಿತ್ತಂತೆ ಪುಣ್ಯಾತ್ಮನಿಗೆ. ನಮ್ಮ ದೇಶದಲ್ಲೂ ಎರಡನೇ ಮಹಾಯುದ್ಧದಲ್ಲಿ, 1942ರಿಂದ 1945ರ ತನಕ, ಗಡಿಯಾರ ಒಂದು ಗಂಟೆ ಮುಂದಿಟ್ಟಿದ್ರು. ಕ್ಯಾಲಿಫೋರ್ನಿಯಾದವ್ರಿಗೂ ಇದು ಸಾಕಾಗಿ 2018ರಲ್ಲಿ ಬದಲಾವಣೆಗೆ ದಾರಿ ಮಾಡೋ ಪ್ರಸ್ತಾಪಕ್ಕೆ ವೋಟ್ ಹಾಕಿ ಗೆಲ್ಲಿಸಿದ್ರು, ಆದ್ರೆ ವರ್ಷಪೂರ್ತಿ ಬೇಸಿಗೆ ಟೈಮೇ ಇಡೋಕೆ ವಾಷಿಂಗ್ಟನ್‌ನಲ್ಲಿ ಕಾಂಗ್ರೆಸ್, ಅಂದ್ರೆ ಅಮೆರಿಕದ ಸಂಸತ್ತು, ಒಪ್ಬೇಕು.

ನನ್ ಪ್ರಕಾರ ಮುಖ್ಯವಾದ ಮಾತು ಇದು: ವಾರವಾರ ಮಾತಾಡೋ ಟೈಮ್ ಯಾರ ಗಡಿಯಾರಕ್ಕೆ ಕಟ್ಟಿದ್ದು ಅಂತ ಮೊದ್ಲೇ ತೀರ್ಮಾನ ಮಾಡ್ಕೊಳ್ಳಿ. ನಮ್ಮ ಭಾನುವಾರ ಬೆಳಗ್ಗೆ 8 ಅಂತ ಇಟ್ರೆ ಅವ್ರಿಗೆ ಶನಿವಾರ ಸಂಜೆ 7:30, ನವೆಂಬರ್ ಆದ್ಮೇಲೆ 6:30, ಎರಡೂ ನಡ್ಯತ್ತೆ. ಆದ್ರೆ ಅಡಿಕೆ ಕೊಯ್ಲು ಶುರುವಾದ್ರೆ ಬೆಳಗ್ಗೆ ಎಂಟಕ್ಕೆ ತೋಟ ಬಿಟ್ಟು ಫೋನ್ ಹಿಡ್ಕೊಂಡು ಕೂರೋರು ಯಾರು, ರಾತ್ರಿಗೆ ಹಾಕಣ ಅಂತೀರಿ, ಆಗ ನಮ್ಮ 8:30 ಅವ್ರಿಗೆ ಬೆಳಗ್ಗೆ 7, ವಾರದ ದಿನ ಆದ್ರೆ ಮಕ್ಕಳನ್ನ ಸ್ಕೂಲಿಗೆ ಹೊರಡ್ಸೋ ಗಡಿಬಿಡಿ. ಆ ತಿಂಗಳುಗಳಲ್ಲಿ ಶನಿವಾರ ರಾತ್ರಿ 9:30 ಇಟ್ಕೊಂಡ್ರೆ ಇಬ್ರಿಗೂ ಆರಾಮು.

ಆಫೀಸ್ ಮೀಟಿಂಗ್ ಇದಕ್ಕೆ ಉಲ್ಟಾ. ಊರಿಂದ ವರ್ಕ್ ಫ್ರಮ್ ಹೋಮ್ ಮಾಡೋರಿಗೆ ಮೀಟಿಂಗ್ ಅಲ್ಲಿನ ಬೆಳಗ್ಗೆ 9ಕ್ಕೆ ಅಂತ ಇದ್ರೆ ಬೇಸಿಗೇಲಿ ನಮ್ಮ ರಾತ್ರಿ 9:30, ಚಳಿಗಾಲದಲ್ಲಿ 10:30, ಬೇಡ ಅಂದ್ರೂ ಒಂದು ಗಂಟೆ ನಿದ್ದೆ ಹೋಗತ್ತೆ. ಕ್ಯಾಲೆಂಡರ್‌ನಲ್ಲಿ ಮೀಟಿಂಗ್ ಹಾಕುವಾಗ ಟೈಮ್ ಝೋನ್ ಅನ್ನೋ ಜಾಗದಲ್ಲಿ ಲಾಸ್ ಏಂಜಲೀಸ್ ಅಥ್ವಾ ಪೆಸಿಫಿಕ್ ಟೈಮ್ ಆರ್ಸಿ, ಬರೀ ಮೈನಸ್ 8 (ಗ್ರೀನ್‌ವಿಚ್ ಟೈಮ್‌ಗಿಂತ 8 ಗಂಟೆ ಹಿಂದೆ) ಅಂತ ಇರೋದನ್ನ ಒತ್ತಬೇಡಿ, ಅದು ಮಾರ್ಚ್ ಬಂದ್ರೂ ಅಲ್ಲಾಡಲ್ಲ. ಮೆಸೇಜ್‌ನಲ್ಲೂ ಅಷ್ಟೇ, ಜುಲೈನಲ್ಲಿ 9 ಪಿಎಸ್‌ಟಿ ಅಂತ ಬರೆದ್ರೆ ನಿಜವಾಗಿ ಅದು ಚಳಿಗಾಲದ ಟೈಮು, ಬೇಸಿಗೇದು ಪಿಡಿಟಿ. ಸುಮ್ನೆ ಸೀಟಲ್ ಟೈಮ್ 9 ಅಂತ ಬರೀರಿ, ಜಗಳನೇ ಇಲ್ಲ.

ಫೋನ್‌ನಲ್ಲಿ ಕ್ಲಾಕ್ ಆಪ್ ತೆಗೆದು ವರ್ಲ್ಡ್ ಕ್ಲಾಕ್‌ನಲ್ಲಿ ಸೀಟಲ್ಲೋ ಸ್ಯಾನ್ ಫ್ರಾನ್ಸಿಸ್ಕೋನೋ ಸೇರಿಸಿ ಬಿಡಿ, ಅದು ತಾನೇ ಬದಲಾಗತ್ತೆ. ಮಳೆಗಾಲದಲ್ಲಿ ನೆಟ್‌ವರ್ಕ್ ಇಲ್ದಿದ್ರೂ ನಡ್ಯತ್ತೆ, ನಿಯಮ ಫೋನ್ ಒಳಗೇ ಇರತ್ತೆ. ಚಾರ್ಜ್ ಇದ್ರೆ ಸಾಕು.

ಮನೇಲಿ ಸತ್ಯನಾರಾಯಣ ಪೂಜೆ ಲೈವ್ ತೋರಿಸ್ಬೇಕು ಅಂದ್ರೆ ಮುಹೂರ್ತ ನಮ್ಮದೇ, ಅದನ್ನ ಅವ್ರ ಟೈಮ್‌ಗೆ ತಿರುಗಿಸಿ ವಾರದ ಹೆಸರು ಸಮೇತ ಕಳ್ಸಿ. ಅವ್ರು ಅಲ್ಲೇ ಪೂಜೆ ಮಾಡೋದಾದ್ರೆ ಇಲ್ಲಿಯ ಪಂಚಾಂಗದ ರಾಹುಕಾಲ ಹೇಳ್ಬೇಡಿ, ರಾಹುಕಾಲ ಆಯಾ ಊರಿನ ಸೂರ್ಯೋದಯದ ಲೆಕ್ಕ, ಸೋಮವಾರ 7:30ರಿಂದ 9 ಅನ್ನೋದು ಬೆಳಗ್ಗೆ ಆರಕ್ಕೆ ಸೂರ್ಯ ಹುಟ್ಟೋ ಕಡೆಗೆ. ಅಲ್ಲಿಯ ಊರಿನ ಪಂಚಾಂಗ ನೋಡ್ಲಿ.

ಇನ್ನು ಅಮೆರಿಕದಲ್ಲೇ ಅರಿಜೋನಾದ ಬಹುಭಾಗ ಮತ್ತು ಹವಾಯಿ ಗಡಿಯಾರ ಮುಟ್ಟೋದೇ ಇಲ್ಲ, ಫೀನಿಕ್ಸ್‌ನಲ್ಲಿ ಇರೋರಿಗೆ ವರ್ಷಪೂರ್ತಿ 12:30 ಗಂಟೆ ವ್ಯತ್ಯಾಸ. ಒಬ್ಬ ಮಗ ಸೀಟಲ್, ಇನ್ನೊಬ್ಬ ಲಂಡನ್ ಅಂತಾದ್ರೆ ಲಂಡನ್ ಬದಲಾಗೋದು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೇ ಭಾನುವಾರ, ಹಂಗಾಗಿ ಮಾರ್ಚ್‌ನಲ್ಲಿ ಎರಡು ಮೂರು ವಾರ, ಅಕ್ಟೋಬರ್ ಕೊನೇಲಿ ಒಂದು ವಾರ ಮೂರೂ ಮನೆ ಸೇರೋ ಕಾಲ್ ಎಡವಟ್ಟಾಗತ್ತೆ, ಆ ವಾರಗಳಲ್ಲಿ ಮಾತ್ರ ಹಿಂದಿನ ದಿನ ಒಂದು ಮೆಸೇಜ್ ಹಾಕಿ ಕೇಳ್ಕೊಳ್ಳಿ. ಏರ್‌ಪೋರ್ಟಿಗೆ ಕರ್ಕೊಂಡು ಬರೋಕೆ ಹೋಗೋರಿಗೆ ಈ ಯಾವ ಲೆಕ್ಕನೂ ಬೇಡ, ಟಿಕೆಟ್‌ನಲ್ಲಿ ಬೆಂಗಳೂರಿಗೆ ಇಳಿಯೋ ಟೈಮ್ ಅಂತ ಇರೋದು ನಮ್ಮ ಟೈಮೇ, ತಾರೀಖು ಮಾತ್ರ ಸರಿಯಾಗಿ ನೋಡಿ ಕಾರ್ ಬುಕ್ ಮಾಡಿ.