ಜಿ1000 ಪರದೆಯಲ್ಲಿ ಅಕ್ಷರ ಬಾರದೆ ಪುಟ ಬದಲಾಗುತ್ತಿದೆಯಾ? ನನ್ನ ಅನುಭವ

ಮೈಸೂರಿನ ಮನೆಯಲ್ಲೇ ವಿಮಾನ ಹಾರಿಸುವ ಸಿಮ್ಯುಲೇಟರ್ ಹಾಕಿಕೊಂಡು ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಫ್ಲೈಟ್ ಪ್ಲಾನ್ (ಹಾರುವ ದಾರಿ) ತುಂಬಿಸಲು ಕೂತಿದ್ದೆ. ಗಾರ್ಮಿನ್ ಜಿ1000 ಪರದೆ, ಅಂದರೆ ಸಣ್ಣ ವಿಮಾನಗಳ ಕಾಕ್‌ಪಿಟ್‌ನಲ್ಲಿ ದಾರಿ, ಮ್ಯಾಪ್ ಎಲ್ಲ ತೋರಿಸುವ ಡಿಜಿಟಲ್ ಪರದೆ. ಅದರಲ್ಲಿ ಅಕ್ಷರ, ಪುಟ ಆರಿಸಲು ಇರುವ ಎಫ್‌ಎಂಎಸ್ ನಾಬ್ ತಿರುಗಿಸಿದಾಗಲೆಲ್ಲ ಅಕ್ಷರ ಬರುವ ಬದಲು ಪುಟವೇ ಬದಲಾಗುತ್ತಿತ್ತು, ತಲೆ ಕೆಟ್ಟುಹೋಯಿತು.

ಪರಿಹಾರ ಇಷ್ಟೇ: ತಿರುಗಿಸುವ ಮೊದಲು ನಾಬನ್ನು ಒಮ್ಮೆ ಒಳಕ್ಕೆ ಒತ್ತಬೇಕು. ಆಗ ಕರ್ಸರ್ ಬರುತ್ತದೆ. ನಾಬ್ ಒಂದೇ ಆದರೂ ಅದರಲ್ಲಿ ಎರಡು ಸುತ್ತು ಇರುತ್ತವಲ್ಲ, ಒಳಗಿನ ಚಿಕ್ಕದು ಅಕ್ಷರ ಬದಲಿಸುತ್ತದೆ, ಹೊರಗಿನ ದೊಡ್ಡದು ಮುಂದಿನ ಅಕ್ಷರದ ಜಾಗಕ್ಕೆ ಒಯ್ಯುತ್ತದೆ. ವಿ, ಓ, ಎಂ, ವೈ ಅಂತ ಮೈಸೂರು ವಿಮಾನ ನಿಲ್ದಾಣದ ಕೋಡ್ ಹಾಕಿ ಎಂಟರ್ ಒತ್ತಿದೆ, ತಗೊಂಡಿತು.

ಒಂದು ಜಾಗಕ್ಕೆ ನೇರ ದಾರಿ ಹಾಕುವ ಡೈರೆಕ್ಟ್-ಟು ಬಟನ್ ಒತ್ತಿದರೆ ಮಾತ್ರ ಕರ್ಸರ್ ತಾನಾಗೇ ಬರುತ್ತದೆ. ಅಲ್ಲಿ ನಾಬ್ ಒತ್ತಬೇಕಿಲ್ಲ, ಫ್ಲೈಟ್ ಪ್ಲಾನ್‌ನಲ್ಲಿ ಒತ್ತಬೇಕು; ಗೊಂದಲ ಆಗೋದು ಅಲ್ಲೇ, ಅಲ್ವಾ? ಇನ್ನು ಎಲ್ಲೋ ಒಳಗೆ ಸಿಕ್ಕಿಹಾಕಿಕೊಂಡರೆ ಸುಮ್ನೆ ಸಿಎಲ್‌ಆರ್ (ಕ್ಲಿಯರ್) ಬಟನ್ 2 ಸೆಕೆಂಡ್ ಒತ್ತಿ ಹಿಡಿಯಿರಿ, ನೇರ ಮ್ಯಾಪ್ ಪುಟಕ್ಕೆ ಬರುತ್ತೀರಿ.